ಮನೆ ಬೇಕು, ಆದರೆ ಇಲ್ಲಿ ಬೇಡ

1971ರ ಸೆಪ್ಟೆಂಬರ್ 28ರಂದು ಅಮೆರಿಕದ ಒಂದು ಪಟ್ಟಣದ ಆಡಳಿತ ಮಂಡಳಿ ಸಭೆ ಸೇರಿತ್ತು. ಷಿಕಾಗೊ ನಗರದ ನಡುಭಾಗದಿಂದ ವಾಯವ್ಯಕ್ಕೆ ಸುಮಾರು 26 ಮೈಲಿ ದೂರದಲ್ಲಿರುವ ಆ ಪಟ್ಟಣದ ಹೆಸರು ಆರ್ಲಿಂಗ್ಟನ್ ಹೈಟ್ಸ್. ಮಂಡಳಿಯ ಮುಂದಿದ್ದ ಅರ್ಜಿ ಮೇಲುನೋಟಕ್ಕೆ ತೀರ ಸಾಮಾನ್ಯವಾದದ್ದು. ಊರೊಳಗೆ ಖಾಲಿ ಬಿದ್ದಿದ್ದ 15 ಎಕರೆ ಜಾಗವನ್ನು ‘ಆರ್-3’ ಎಂಬ ವರ್ಗದಿಂದ ‘ಆರ್-5’ ಎಂಬ ವರ್ಗಕ್ಕೆ ಬದಲಾಯಿಸಬೇಕು, ಅಲ್ಲಿ 190 ಸಾಲುಮನೆಗಳನ್ನು ಕಟ್ಟಲು ಅನುಮತಿ ನೀಡಬೇಕು ಎಂಬುದಷ್ಟೇ ಅದರ ಸಾರ. ಜನರ ಅಹವಾಲು ಕೇಳಿದ ಮೇಲೆ ಮಂಡಳಿ ವಿಷಯವನ್ನು ಮತಕ್ಕೆ ಹಾಕಿತು. ಪರವಾಗಿ ಬಿದ್ದ ಮತ 1, ವಿರುದ್ಧವಾಗಿ 6. ಅರ್ಜಿ ತಿರಸ್ಕೃತವಾಯಿತು.

ಇಂಥ ಅರ್ಜಿಗಳು ಅಮೆರಿಕದ ಊರೂರುಗಳಲ್ಲಿಯೂ ಸಭೆಗೆ ಬರುತ್ತವೆ, ಹೋಗುತ್ತವೆ. ಅರ್ಜಿದಾರರು ಮತ್ತು ನೆರೆಹೊರೆಯವರನ್ನು ಬಿಟ್ಟರೆ ಬೇರೆಯವರು ಅವುಗಳನ್ನು ನೆನಪಿಡುವುದಿಲ್ಲ. ಆದರೆ ಈ ಒಂದು ಅರ್ಜಿ ಅಲ್ಲಿಗೇ ನಿಲ್ಲಲಿಲ್ಲ. ಅದು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿ 1977ರಲ್ಲಿ ಬಂದ ತೀರ್ಪನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಭೂಬಳಕೆಯ ನಕ್ಷೆಯ ಮೇಲಿನ ಒಂದು ಅಕ್ಷರ ಮತ್ತು ಒಂದು ಅಂಕಿ ಮನುಷ್ಯರ ಬದುಕನ್ನು ಹೇಗೆ ತೀರ್ಮಾನಿಸಬಲ್ಲವು ಎಂಬುದಕ್ಕೆ ಆ 15 ಎಕರೆ ಜಾಗದ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಕ್ಷೆಯ ಮೇಲಿನ ಗೆರೆ

ಈ ಕಥೆ ಅರ್ಥವಾಗಬೇಕಾದರೆ ‘ವಲಯ ವಿಂಗಡಣೆ’ ಎಂಬ ಪದ್ಧತಿಯ ಹುಟ್ಟನ್ನು ಸ್ವಲ್ಪ ತಿಳಿಯಬೇಕು. ಊರಿನ ನೆಲವನ್ನು ಭಾಗಗಳಾಗಿ ಮಾಡಿ, ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ ಎಂದು ಮೊದಲೇ ಗೊತ್ತುಮಾಡುವುದು ಈ ಪದ್ಧತಿ. ಅಮೆರಿಕದಲ್ಲಿ ಇಡೀ ನಗರಕ್ಕೆ ಅನ್ವಯಿಸುವಂಥ ಮೊದಲ ಸಮಗ್ರ ವಲಯ ನಿಯಮವನ್ನು ನ್ಯೂಯಾರ್ಕ್ ನಗರ 1916ರಲ್ಲಿ ಜಾರಿಗೆ ತಂದಿತು. ಗಗನಚುಂಬಿ ಕಟ್ಟಡಗಳು ಬೀದಿಯ ಗಾಳಿ ಬೆಳಕನ್ನು ನುಂಗುತ್ತಿವೆ ಎಂಬುದು ಅದಕ್ಕೆ ಇದ್ದ ಕಾರಣಗಳಲ್ಲೊಂದು. ಮನೆಯ ಪಕ್ಕದಲ್ಲಿ ಚರ್ಮ ಹದಮಾಡುವ ಕಾರ್ಖಾನೆ ಬರಬಾರದು ಎಂದು ಬಯಸುವುದರಲ್ಲಿ ತಪ್ಪೇನೂ ಇಲ್ಲವಲ್ಲ.

ಆದರೆ ಅದೇ ಕಾಲದಲ್ಲಿ ಇನ್ನೊಂದು ಬಗೆಯ ಗೆರೆ ಎಳೆಯುವ ಪ್ರಯತ್ನವೂ ನಡೆದಿತ್ತು. ಬಾಲ್ಟಿಮೋರ್ ನಗರ 1910ರಲ್ಲಿ ಬಿಳಿಯರ ಬೀದಿಯಲ್ಲಿ ಕಪ್ಪು ಜನ, ಕಪ್ಪು ಜನರ ಬೀದಿಯಲ್ಲಿ ಬಿಳಿಯರು ವಾಸಕ್ಕೆ ಬರಬಾರದೆಂದು ನಿಯಮವನ್ನೇ ಮಾಡಿತು. ದಕ್ಷಿಣದ ಹಲವು ನಗರಗಳು ಅದನ್ನು ಅನುಸರಿಸಿದವು. ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಇಂಥ ನಿಯಮವೊಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, 1917ರಲ್ಲಿ ನ್ಯಾಯಾಲಯ ಅದನ್ನು ಅನೂರ್ಜಿತಗೊಳಿಸಿತು. ಬಣ್ಣದ ಹೆಸರು ಹೇಳಿ ನೆಲವನ್ನು ವಿಂಗಡಿಸುವ ದಾರಿ ಅಲ್ಲಿಗೆ ಮುಚ್ಚಿತು.

ಆದಾಯದ ಮೂಲಕ ವಿಂಗಡಿಸುವ ದಾರಿ ಮಾತ್ರ ತೆರೆದೇ ಇತ್ತು. ಕ್ಲೀವ್‌ಲ್ಯಾಂಡ್ ನಗರದ ಪಕ್ಕದ ಯೂಕ್ಲಿಡ್ ಎಂಬ ಪಟ್ಟಣ 1922ರಲ್ಲಿ ತನ್ನ ನೆಲವನ್ನು ವಲಯಗಳಾಗಿ ವಿಂಗಡಿಸಿತು. ಅಲ್ಲಿ 68 ಎಕರೆ ಜಾಗ ಹೊಂದಿದ್ದ ಭೂವ್ಯವಹಾರದ ಕಂಪೆನಿಯೊಂದು ತನ್ನ ಆಸ್ತಿಯ ಬೆಲೆ ಕುಸಿಯಿತೆಂದು ದಾವೆ ಹೂಡಿತು. ಕೆಳಗಿನ ನ್ಯಾಯಾಲಯದ ನ್ಯಾಯಾಧೀಶ ವೆಸ್ಟನ್‌ಹೇವರ್ ಅವರು 1924ರ ತೀರ್ಪಿನಲ್ಲಿ ಮರ್ಮವನ್ನೇ ಹಿಡಿದಿದ್ದರು: ಇಂಥ ನಿಯಮದ ಫಲವೆಂದರೆ ಜನರನ್ನು ಅವರ ವರಮಾನ ಮತ್ತು ಸ್ಥಿತಿಗತಿಗೆ ತಕ್ಕಂತೆ ಬೇರೆಬೇರೆಯಾಗಿ ಇರಿಸುವುದು ಎಂಬುದು ಅವರ ಅಭಿಪ್ರಾಯ. ಆದರೆ ಸರ್ವೋಚ್ಚ ನ್ಯಾಯಾಲಯ 1926ರ ನವೆಂಬರ್‌ನಲ್ಲಿ 6-3 ಬಹುಮತದಿಂದ ಪಟ್ಟಣದ ಪರವಾಗಿ ತೀರ್ಪಿತ್ತಿತು. ಬಿಡಿಮನೆಗಳ ನಡುವೆ ಎದ್ದು ನಿಲ್ಲುವ ಬಹುಕುಟುಂಬದ ಕಟ್ಟಡ ಹೆಚ್ಚುಕಡಿಮೆ ಉಪದ್ರವವೇ ಆಗಬಲ್ಲದು ಎಂದು ನ್ಯಾಯಮೂರ್ತಿ ಸದರ್ಲೆಂಡ್ ಬರೆದರು. ಕಾರ್ಖಾನೆಯ ಹೊಗೆಗೆ ಇದ್ದ ಹೆಸರು ಬಡಬಾಡಿಗೆದಾರನ ಮನೆಗೂ ಅಂಟಿಕೊಂಡಿತು.

ಅಲ್ಲಿಂದ ಮುಂದೆ ವಲಯ ನಿಯಮ ದೇಶದ ತುಂಬ ಹಬ್ಬಿತು. ಹರ್ಬರ್ಟ್ ಹೂವರ್ ಸಚಿವರಾಗಿದ್ದ ವಾಣಿಜ್ಯ ಇಲಾಖೆ 1920ರ ದಶಕದಲ್ಲಿ ರಾಜ್ಯಗಳಿಗೆ ಒಂದು ಮಾದರಿ ಕಾಯಿದೆಯನ್ನು ಸಿದ್ಧಪಡಿಸಿಕೊಟ್ಟಿತು. ನಿಯಮ ಮಾಡುವ ಮುನ್ನ ಅಥವಾ ಬದಲಿಸುವ ಮುನ್ನ ಬಹಿರಂಗ ಸಭೆ ಕರೆಯಬೇಕು, ಕನಿಷ್ಠ 15 ದಿನ ಮೊದಲು ತಿಳಿವಳಿಕೆ ನೀಡಬೇಕು, ಅಕ್ಕಪಕ್ಕದ ಆಸ್ತಿಯವರಲ್ಲಿ ಗೊತ್ತಾದ ಪ್ರಮಾಣದ ಜನ ಲಿಖಿತವಾಗಿ ವಿರೋಧಿಸಿದರೆ ಬದಲಾವಣೆಗೆ ಮುಕ್ಕಾಲು ಪಾಲು ಬಹುಮತ ಬೇಕು ಎಂಬ ಅಂಶಗಳು ಅದರಲ್ಲಿದ್ದವು. ಸ್ಥಳೀಯ ಪ್ರಜಾಪ್ರಭುತ್ವದ ದೃಷ್ಟಿಯಿಂದ ಇದು ಮೆಚ್ಚತಕ್ಕ ಏರ್ಪಾಡು. ಆದರೆ ಅದರಲ್ಲೊಂದು ಕೊರತೆಯಿತ್ತು. ಸಭೆಯ ತಿಳಿವಳಿಕೆ ಈಗಾಗಲೇ ಆ ಊರಿನಲ್ಲಿ ಇರುವವರನ್ನು ತಲುಪುತ್ತದೆ. ಮುಂದೆ ಅಲ್ಲಿ ವಾಸಕ್ಕೆ ಬರಬೇಕಾದವರು ಇನ್ನೂ ಎಲ್ಲೋ ಇರುತ್ತಾರೆ. ಅವರಿಗೆ ಆಹ್ವಾನವೂ ಇಲ್ಲ, ಮತವೂ ಇಲ್ಲ.

ಪಾದ್ರಿಗಳ ಜಮೀನು

ಆರ್ಲಿಂಗ್ಟನ್ ಹೈಟ್ಸ್ ಇಲಿನಾಯ್ ರಾಜ್ಯದ ಕಾನೂನಿನ ಪ್ರಕಾರ ‘ವಿಲೇಜ್’. ಹೆಸರಿಗೆ ಹಳ್ಳಿಯಾದರೂ ವಾಸ್ತವವಾಗಿ ಅದು ಷಿಕಾಗೊದ ಅನುಕೂಲವಂತರ ಹೊರವಲಯದ ಪಟ್ಟಣ. 1960ರ ದಶಕದಲ್ಲಿ ಅದು ಬೆಳೆದ ವೇಗ ಬೆರಗು ಹುಟ್ಟಿಸುವಂಥದು. 1970ರ ಜನಗಣತಿಯ ಹೊತ್ತಿಗೆ ಅಲ್ಲಿನ ಜನಸಂಖ್ಯೆ 64 ಸಾವಿರ ಮುಟ್ಟಿತ್ತು. ಈ 64 ಸಾವಿರ ಜನರಲ್ಲಿ ಕಪ್ಪು ಜನ ಎಷ್ಟು? ಕೇವಲ 27 ಮಂದಿ!

ಹತ್ತಿರದ ಷಿಕಾಗೊ ನಗರದಲ್ಲಿ ಆಗ ಲಕ್ಷಾಂತರ ಕಪ್ಪು ಕುಟುಂಬಗಳು ಇದ್ದವು. ದಕ್ಷಿಣದ ರಾಜ್ಯಗಳಿಂದ ದಶಕಗಳ ಕಾಲ ಕೆಲಸ ಹುಡುಕಿ ಬಂದವರು ಅವರು. ಆಸ್ತಿಯ ಕ್ರಯಪತ್ರದಲ್ಲಿ ‘ಇಂಥವರಿಗೆ ಮಾರಕೂಡದು’ ಎಂದು ಬರೆದುಕೊಳ್ಳುವ ಷರತ್ತುಗಳನ್ನು ಜಾರಿಗೊಳಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 1948ರಲ್ಲೇ ಹೇಳಿದ್ದರೂ ಅವರಿಗೆ ನಗರದ ಹೊರಗೆ ಮನೆ ಸಿಗುವುದು ದುರ್ಲಭವಾಗಿತ್ತು. ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಷಿಕಾಗೊದಲ್ಲಿ ನಡೆಸಿದ ಚಳವಳಿಯ ಮುಖ್ಯ ಬೇಡಿಕೆಯೇ ಎಲ್ಲರಿಗೂ ಎಲ್ಲಾದರೂ ಮನೆ ಪಡೆಯುವ ಹಕ್ಕು. ಆ ಆಗಸ್ಟ್‌ನ ಮೆರವಣಿಗೆಯಲ್ಲಿ ಅವರ ತಲೆಗೆ ಕಲ್ಲೇಟು ಬಿತ್ತು. 1968ರ ಏಪ್ರಿಲ್ 4ರಂದು ಅವರ ಹತ್ಯೆಯಾಯಿತು. ಅದಾದ ಒಂದೇ ವಾರಕ್ಕೆ, ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ಬಣ್ಣದ ಭೇದವನ್ನು ನಿಷೇಧಿಸುವ ಕಾಯಿದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು.

ಈ ಹಿನ್ನೆಲೆಯಲ್ಲಿ ಆರ್ಲಿಂಗ್ಟನ್ ಹೈಟ್ಸ್‌ನ ಒಂದು ಕ್ರೈಸ್ತ ಪಾದ್ರಿಗಳ ಸಂಘ 1970ರಲ್ಲಿ ಒಂದು ನಿರ್ಧಾರಕ್ಕೆ ಬಂದಿತು. ಸಂತ ವಿಯಾಟರ್ ಹೆಸರಿನ ಆ ಸಂಘಕ್ಕೆ ಊರಿನ ನಡುಭಾಗಕ್ಕೆ ಪೂರ್ವದಲ್ಲಿ 80 ಎಕರೆ ಜಮೀನಿತ್ತು. ಒಂದು ಪ್ರೌಢಶಾಲೆ, ಒಂದು ಮೂರಂತಸ್ತಿನ ಕಟ್ಟಡ ಬಿಟ್ಟರೆ ಬಹುಭಾಗ ಖಾಲಿ. ಅದರಲ್ಲಿ ಸ್ವಲ್ಪವನ್ನು ಕಡಿಮೆ ಮತ್ತು ಮಧ್ಯಮ ಆದಾಯದವರ ಮನೆಗಳಿಗೆ ಬಿಟ್ಟುಕೊಡುವುದೆಂದು ಸಂಘ ಮನಸ್ಸು ಮಾಡಿತು. ಲಾಭದ ಉದ್ದೇಶವಿಲ್ಲದೆ ಇಂಥ ಮನೆಗಳನ್ನು ಕಟ್ಟುತ್ತಿದ್ದ ಸಂಸ್ಥೆಯೊಂದನ್ನು ಷಿಕಾಗೊದ ಕೆಲವು ಗಣ್ಯರು 1968ರಲ್ಲಿ ಸ್ಥಾಪಿಸಿದ್ದರು. ಜಮೀನಿನ ಆಗ್ನೇಯ ಮೂಲೆಯ 15 ಎಕರೆಯನ್ನು 99 ವರ್ಷಗಳ ಗುತ್ತಿಗೆಗೆ ಕೊಡುವುದೆಂದು ಅದರೊಂದಿಗೆ ಕರಾರಾಯಿತು. ಜೊತೆಗೆ 3 ಲಕ್ಷ ಡಾಲರ್‌ಗಳ ಅಗ್ಗದ ಬೆಲೆಗೆ ಕ್ರಯದ ಒಪ್ಪಂದವೂ ಆಯಿತು. ಎರಡು ಷರತ್ತುಗಳಿದ್ದವು: ಪಟ್ಟಣದಿಂದ ವಲಯ ಬದಲಾವಣೆಯ ಅನುಮತಿ ಬರಬೇಕು, ಕೇಂದ್ರ ಸರ್ಕಾರದಿಂದ ಬಡ್ಡಿಯ ಸಹಾಯಧನ ಬರಬೇಕು. ಬಾರದಿದ್ದರೆ ಗುತ್ತಿಗೆಯೂ ಇಲ್ಲ, ಕ್ರಯವೂ ಇಲ್ಲ.

ಯೋಜನೆಗೆ ‘ಲಿಂಕನ್ ಗ್ರೀನ್’ ಎಂದು ಹೆಸರಿಟ್ಟರು. ಎರಡಂತಸ್ತಿನ 20 ಕಟ್ಟಡಗಳು, ಒಟ್ಟು 190 ಮನೆಗಳು. ಗೋಡೆಗೆ ಗೋಡೆ ತಾಗಿದ್ದರೂ ಪ್ರತಿ ಮನೆಗೂ ಹೊರಗಿನಿಂದಲೇ ಪ್ರತ್ಯೇಕ ಬಾಗಿಲು. 100 ಮನೆಗಳು ಒಂದೇ ಮಲಗುವ ಕೋಣೆಯವು. ಅವು ವೃದ್ಧರಿಗೆ ಒಪ್ಪುವಂಥವು. ಉಳಿದವು ಸಂಸಾರಸ್ಥರಿಗೆ. ಜಾಗದ ದೊಡ್ಡ ಭಾಗವನ್ನು ಬಯಲಾಗಿಯೇ ಬಿಟ್ಟು, ಪೂರ್ವದ ಮನೆಗಳ ಹಿತ್ತಲುಗಳಿಗೆ ಮರೆಯಾಗುವಂತೆ ಗಿಡಮರ ಬೆಳೆಸುವ ಏರ್ಪಾಡೂ ನಕ್ಷೆಯಲ್ಲಿತ್ತು. ಗಗನಚುಂಬಿಯೂ ಅಲ್ಲ, ಕಾರ್ಖಾನೆಯೂ ಅಲ್ಲ. ಆದರೆ 1959ರಲ್ಲಿ ಪಟ್ಟಣ ಮೊದಲ ಬಾರಿಗೆ ವಲಯ ನಿಯಮ ಮಾಡಿದಂದಿನಿಂದ ಆ ಜಾಗದ ಸುತ್ತಲ ನೆಲವೆಲ್ಲ ಬಿಡಿಮನೆಗಳಿಗೆ ಮೀಸಲು. ನಿವೇಶನಕ್ಕೊಂದು ಮನೆ, ಮನೆಗೊಂದು ಕುಟುಂಬ. ‘ಆರ್-3’ ಎಂದರೆ ಅದೇ.

ಮೂರು ಸಭೆಗಳು

ಪಟ್ಟಣದ ಯೋಜನಾ ಆಯೋಗ 1971ರ ವಸಂತದಲ್ಲಿ ಮೂರು ಬಹಿರಂಗ ಸಭೆಗಳನ್ನು ನಡೆಸಿತು. ಮೂರಕ್ಕೂ ಜನ ಕಿಕ್ಕಿರಿದು ಬಂದರು. ಮಾತನಾಡಿದವರಲ್ಲಿ ಹೆಚ್ಚಿನವರು ವಿರೋಧಿಗಳು. ಪರವಾಗಿ ನಿಂತವರೂ ಇದ್ದರು. ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಇರಬಹುದಾದ, ಕಡಿಮೆ ಆದಾಯದವರ ಮನೆಗಳು ಇಲ್ಲಿ ಬರಬೇಕೇ ಬೇಡವೇ ಎಂಬ ಮಾತೂ ಅಲ್ಲಿ ಬಂತು. ‘ಸಾಮಾಜಿಕ ಪ್ರಶ್ನೆ’ ಎಂದು ಅದಕ್ಕೆ ಹೆಸರು.

ಬಹಳಷ್ಟು ವಿರೋಧಿಗಳು ಆ ಪ್ರಶ್ನೆಯನ್ನು ಬದಿಗಿಟ್ಟು ಎರಡು ವಾದಗಳನ್ನು ಮುಂದಿಟ್ಟರು. ಮೊದಲನೆಯದು: ಈ ಭಾಗ ಬಿಡಿಮನೆಗಳಿಗೆ ಮೀಸಲು ಎಂದು ನಂಬಿಯೇ ಸುತ್ತಲಿನವರು ಮನೆ ಕಟ್ಟಿಸಿದ್ದಾರೆ, ಕೊಂಡಿದ್ದಾರೆ, ಈಗ ಬದಲಾಯಿಸಿದರೆ ಅವರ ಆಸ್ತಿಯ ಬೆಲೆ ಇಳಿಯುತ್ತದೆ. ಎರಡನೆಯದು: ಪಟ್ಟಣ 1962ರಲ್ಲೇ ಒಂದು ನೀತಿ ಮಾಡಿಕೊಂಡಿದೆ. ಅದರಂತೆ ‘ಆರ್-5’ ವಲಯ ಇರಬೇಕಾದದ್ದು ಮುಖ್ಯವಾಗಿ ಬಿಡಿಮನೆಗಳಿಗೂ ಅಂಗಡಿ, ಕಾರ್ಖಾನೆಗಳಿಗೂ ನಡುವಣ ಅಡ್ಡಪಟ್ಟಿಯಾಗಿ. ಲಿಂಕನ್ ಗ್ರೀನ್‌ನ ಸುತ್ತ ಅಂಗಡಿಯೂ ಇಲ್ಲ, ಕಾರ್ಖಾನೆಯೂ ಇಲ್ಲ. ಆದ್ದರಿಂದ ಅದು ನೀತಿಗೆ ಹೊಂದುವುದಿಲ್ಲ.

ಈ ಎರಡನೆಯ ವಾದವನ್ನು ನಿಧಾನವಾಗಿ ಯೋಚಿಸಿ ನೋಡಬೇಕು. ಸಾಲುಮನೆಗಳ ಬಡಾವಣೆ ಗದ್ದಲದ ಮಾರುಕಟ್ಟೆಯ ಪಕ್ಕದಲ್ಲಿದ್ದರೆ ಸರಿ, ನೆಮ್ಮದಿಯ ಬೀದಿಯ ಪಕ್ಕದಲ್ಲಿದ್ದರೆ ತಪ್ಪು ಎಂದು ಅದರ ಅರ್ಥ. ಬಿಡಿಮನೆಯವರಿಗೆ ಶಬ್ದ, ಹೊಗೆ ತಾಗದಂತೆ ತಡೆಯುವ ಗೋಡೆಯ ಕೆಲಸ ಸಾಲುಮನೆಗಳಲ್ಲಿ ಇರುವವರದು. ಇದನ್ನು ಯಾರೂ ಕೆಟ್ಟ ಉದ್ದೇಶದಿಂದ ಲಿಂಕನ್ ಗ್ರೀನ್‌ಗಾಗಿ ಸೃಷ್ಟಿಸಿದ್ದಲ್ಲ. ಒಂಬತ್ತು ವರ್ಷಗಳ ಹಿಂದೆಯೇ ಕಡತದಲ್ಲಿದ್ದ ನಿಯಮ. ಅದು ಎಷ್ಟು ಸಹಜವಾಗಿ ಕಂಡಿತ್ತೆಂದರೆ, ಅದರಲ್ಲಿ ಪ್ರಶ್ನಿಸಬೇಕಾದದ್ದು ಏನಾದರೂ ಇದೆ ಎಂದೇ ಹಲವರಿಗೆ ಅನ್ನಿಸಲಿಲ್ಲ.

ಮೂರನೆಯ ಸಭೆಯ ಕೊನೆಯಲ್ಲಿ ಆಯೋಗ ಅರ್ಜಿಯನ್ನು ತಿರಸ್ಕರಿಸುವಂತೆ ಶಿಫಾರಸು ಮಾಡಿತು. ಕಡಿಮೆ ಆದಾಯದವರ ಮನೆಗಳ ಅಗತ್ಯ ಈ ಊರಿನಲ್ಲಿ ಅಥವಾ ಸುತ್ತಮುತ್ತ ಇರಬಹುದು. ಆದರೆ ಈ ಜಾಗದಲ್ಲಿ ಅದಕ್ಕೆ ಶಿಫಾರಸು ಮಾಡಿದರೆ ಆಯೋಗ ತನ್ನ ಕರ್ತವ್ಯಕ್ಕೆ ಚ್ಯುತಿ ತಂದಂತೆ ಎಂಬುದು ನಿರ್ಣಯದ ತಾತ್ಪರ್ಯ. ಮನೆ ಬೇಕು, ಆದರೆ ಇಲ್ಲಿ ಬೇಡ! ಇಬ್ಬರು ಸದಸ್ಯರು ಒಪ್ಪಲಿಲ್ಲ. ನಗರ ಯೋಜನೆಯ ದೃಷ್ಟಿಯಿಂದಲೇ ಈ ಬದಲಾವಣೆ ಸರಿಯಾದದ್ದು ಎಂದು ಅವರು ಭಿನ್ನಾಭಿಪ್ರಾಯದ ವರದಿ ಸಲ್ಲಿಸಿದರು. ಆಡಳಿತ ಮಂಡಳಿ ಬಹುಮತದ ಶಿಫಾರಸನ್ನೇ ಎತ್ತಿಹಿಡಿಯಿತು.

ಉದ್ದೇಶ ಮತ್ತು ಪರಿಣಾಮ

1972ರ ಜೂನ್‌ನಲ್ಲಿ ವಸತಿ ಸಂಸ್ಥೆ ಮತ್ತು ಮೂವರು ಕಪ್ಪು ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಅವರಲ್ಲಿ ಒಬ್ಬರ ಸಂಗತಿ ಗಮನಿಸತಕ್ಕದ್ದು. ಅವರು ಕೆಲಸ ಮಾಡುತ್ತಿದ್ದುದು ಆರ್ಲಿಂಗ್ಟನ್ ಹೈಟ್ಸ್‌ನದೇ ಒಂದು ಕಾರ್ಖಾನೆಯಲ್ಲಿ. ವಾಸ ಮಾತ್ರ ಸುಮಾರು 20 ಮೈಲಿ ಆಚೆ. ಲಿಂಕನ್ ಗ್ರೀನ್ ಆಗಿದ್ದರೆ ಕೆಲಸಕ್ಕೆ ಹತ್ತಿರವೆಂದು ಬಹುಶಃ ಅಲ್ಲಿಗೇ ಬರುತ್ತಿದ್ದೆ ಎಂದು ಅವರು ಸಾಕ್ಷ್ಯ ನುಡಿದರು. ಆತನ ದುಡಿಮೆಗೆ ಊರಿನಲ್ಲಿ ಜಾಗವಿತ್ತು, ಆತನಿಗೆ ಇರಲಿಲ್ಲ.

ಮೊದಲ ನ್ಯಾಯಾಲಯ ಪಟ್ಟಣದ ಪರವಾಗಿ ತೀರ್ಪಿತ್ತಿತು. ಮೇಲ್ಮನವಿಯ ನ್ಯಾಯಾಲಯ 1975ರಲ್ಲಿ ಅದನ್ನು ತಿರುಗಿಸಿತು. ಷಿಕಾಗೊ ಪ್ರದೇಶದ ಜನಸಂಖ್ಯೆಯಲ್ಲಿ ಅಲ್ಪಸಂಖ್ಯಾತರು ಶೇ 18ರಷ್ಟು. ಲಿಂಕನ್ ಗ್ರೀನ್‌ಗೆ ಅರ್ಹರಾಗುವ ಆದಾಯದವರಲ್ಲಿ ಅವರು ಶೇ 40ರಷ್ಟು. ಆದ್ದರಿಂದ ತಿರಸ್ಕಾರದ ಪೆಟ್ಟು ಅವರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ ಎಂದು ಅದು ಲೆಕ್ಕ ಹಾಕಿತು.

ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದದ್ದು 1977ರ ಜನವರಿ 11ರಂದು. ಬರೆದವರು ನ್ಯಾಯಮೂರ್ತಿ ಲೂಯಿಸ್ ಪವೆಲ್. ಪೆಟ್ಟು ಅಲ್ಪಸಂಖ್ಯಾತರ ಮೇಲೆ ಹೆಚ್ಚಾಗಿ ಬೀಳುತ್ತದೆ ಎಂಬ ವಾದಕ್ಕೆ ಆಧಾರವಿದೆ ಎಂದು ಅವರು ಒಪ್ಪಿದರು. ಆದರೆ ಸಂವಿಧಾನದ ಸಮಾನತೆಯ ವಿಧಿ ಉಲ್ಲಂಘನೆಯಾಗಿದೆ ಎನ್ನಲು ಪರಿಣಾಮವೊಂದೇ ಸಾಲದು, ಭೇದಭಾವದ ಉದ್ದೇಶವೂ ಇತ್ತೆಂದು ತೋರಿಸಬೇಕು ಎಂದರು. ಆ ಉದ್ದೇಶವನ್ನು ಹುಡುಕುವುದು ಹೇಗೆ? ತೀರ್ಪಿನ ಪರಿಣಾಮ, ಹಿಂದಿನ ಇತಿಹಾಸ, ಘಟನೆಗಳು ನಡೆದ ಕ್ರಮ, ವಾಡಿಕೆಯ ವಿಧಾನ ಬಿಟ್ಟು ನಡೆದ ಸೂಚನೆ, ಸಭೆಯ ನಡಾವಳಿಯಲ್ಲಿ ದಾಖಲಾದ ಮಾತುಗಳು ಇವನ್ನೆಲ್ಲ ನೋಡಬೇಕು. ಈ ಒರೆಗಲ್ಲಿಗೆ ಹಚ್ಚಿದಾಗ ಪಟ್ಟಣದ ಕಡತ ಚೊಕ್ಕಟವಾಗಿತ್ತು. 1959ರಿಂದಲೂ ಅದೇ ವಲಯ, 1962ರಿಂದಲೂ ಅದೇ ನೀತಿ, ಕ್ರಮದಂತೆ ಮೂರು ಸಭೆಗಳು. ದುರುದ್ದೇಶಕ್ಕೆ ಪುರಾವೆ ಸಿಗಲಿಲ್ಲ. ಪಟ್ಟಣ ಗೆದ್ದಿತು.

ತೀರ್ಪಿನ ಬಲವೂ ದೌರ್ಬಲ್ಯವೂ ಇದರಲ್ಲೇ ಇದೆ. ಭೇದಭಾವ ಬಾಯಿಬಿಟ್ಟು ಮಾತಾಡದಿದ್ದಾಗಲೂ ಅದನ್ನು ಹುಡುಕುವ ದಾರಿಯೊಂದನ್ನು ಅದು ತೋರಿಸಿತು. ಮುಂದೆ ನೂರಾರು ಮೊಕದ್ದಮೆಗಳಲ್ಲಿ ಆ ಪಟ್ಟಿ ಬಳಕೆಯಾಯಿತು. ಆದರೆ ಹಿಂದಿನವರು ಎಳೆದ ಗೆರೆಯನ್ನು ಇಂದಿನವರು ಸುಮ್ಮನೆ ಕಾಯ್ದುಕೊಂಡು ಬಂದರೆ, ಅಲ್ಲಿ ಉದ್ದೇಶ ಯಾರದೆಂದು ಹುಡುಕುವುದು? 64 ಸಾವಿರದಲ್ಲಿ 27 ಎಂಬ ಅಂಕಿಗೆ ಯಾರೂ ಹೊಣೆಗಾರರಲ್ಲ ಎಂದಾಯಿತು.

ಊರಂಚಿನ ಮನೆಗಳು

ಮೊಕದ್ದಮೆ ಅಷ್ಟಕ್ಕೇ ಮುಗಿಯಲಿಲ್ಲ. 1968ರ ವಸತಿ ಕಾಯಿದೆಯ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯ ಕೆಳಕ್ಕೆ ಮರಳಿಸಿತ್ತು. ಸಂವಿಧಾನಕ್ಕೆ ಉದ್ದೇಶದ ಪುರಾವೆ ಬೇಕಾದರೂ ಈ ಕಾಯಿದೆಗೆ ಕೆಲವು ಸಂದರ್ಭಗಳಲ್ಲಿ ಪರಿಣಾಮವೇ ಸಾಕು ಎಂದು ಮೇಲ್ಮನವಿಯ ನ್ಯಾಯಾಲಯ ಅದೇ ವರ್ಷ ಹೇಳಿತು. ಇಂಥ ಮನೆಗಳಿಗೆ ಊರಿನೊಳಗೆ ಬೇರೆ ಯೋಗ್ಯ ಜಾಗ ಇದೆಯೇ ಎಂದು ಪರಿಶೀಲಿಸುವಂತೆಯೂ ಸೂಚಿಸಿತು. ಪಟ್ಟಣ ರಾಜಿಗೆ ಬಂತು.

ರಾಜಿಯ ಪ್ರಕಾರ ಪಾದ್ರಿಗಳ ಜಮೀನನ್ನು ಕೈಬಿಡಲಾಯಿತು. ಬದಲಿಗೆ ಪಕ್ಕದ ಮೌಂಟ್ ಪ್ರಾಸ್ಪೆಕ್ಟ್ ಪಟ್ಟಣದ ಗಡಿಗೆ ತಾಗಿಕೊಂಡಿದ್ದ, ಯಾವ ಪಟ್ಟಣಕ್ಕೂ ಸೇರದ ಖಾಲಿ ಜಾಗವೊಂದನ್ನು ಆರ್ಲಿಂಗ್ಟನ್ ಹೈಟ್ಸ್ ತನ್ನೊಳಗೆ ಸೇರಿಸಿಕೊಂಡು, ಒಂದು ಭಾಗವನ್ನು ಮನೆಗಳಿಗೆ, ಇನ್ನೊಂದು ಭಾಗವನ್ನು ವ್ಯಾಪಾರಕ್ಕೆ ಬಿಡುವುದೆಂದು ಗೊತ್ತಾಯಿತು. ಈಗ ತಕರಾರು ಎತ್ತುವ ಸರದಿ ಮೌಂಟ್ ಪ್ರಾಸ್ಪೆಕ್ಟ್‌ನದು! ಅದೂ ನ್ಯಾಯಾಲಯಕ್ಕೆ ಹೋಯಿತು. 1980ರಲ್ಲಿ ಮೇಲ್ಮನವಿಯ ನ್ಯಾಯಾಲಯ ರಾಜಿಯನ್ನು ಎತ್ತಿಹಿಡಿದ ಮೇಲೆಯೇ ದಾರಿ ಸುಗಮವಾದದ್ದು. ಈ ನಡುವೆ ಲಿಂಕನ್ ಗ್ರೀನ್ ನೆಚ್ಚಿಕೊಂಡಿದ್ದ ಕೇಂದ್ರದ ಸಹಾಯಧನಕ್ಕೆ 1973ರ ಜನವರಿಯಲ್ಲೇ ನಿಕ್ಸನ್ ಸರ್ಕಾರ ತಡೆ ಹಾಕಿತ್ತು. ಬೇರೊಂದು ಯೋಜನೆಯ ನೆರವು ಹುಡುಕಬೇಕಾಯಿತು. ಕೊನೆಗೆ 190 ಮನೆಗಳು ಎದ್ದವು. ಆದರೆ ಊರಿನ ನಡುವಿನ ಶಾಂತ ಬೀದಿಗಳ ಪಕ್ಕದಲ್ಲಲ್ಲ. ಊರಿನ ಅಂಚಿನಲ್ಲಿ, ವ್ಯಾಪಾರದ ಜಾಗದ ಪಕ್ಕದಲ್ಲಿ. 1962ರ ನೀತಿ ಸಾಲುಮನೆಗಳಿಗೆ ಗೊತ್ತುಮಾಡಿದ್ದ ಸ್ಥಾನ ಹೆಚ್ಚುಕಡಿಮೆ ಅದೇ.

ಪರಿಣಾಮವನ್ನು ನೋಡಿ ತೀರ್ಮಾನಿಸುವ ತತ್ವವನ್ನು 1968ರ ಕಾಯಿದೆಯ ಮಟ್ಟಿಗೆ ಸರ್ವೋಚ್ಚ ನ್ಯಾಯಾಲಯವೇ 2015ರಲ್ಲಿ 5-4 ಬಹುಮತದಿಂದ ಮಾನ್ಯ ಮಾಡಿತು. ಮನೆಯ ಬೆಲೆ, ಬಾಡಿಗೆ ಗಗನಕ್ಕೇರಿದ ಮೇಲೆ ‘ನಿವೇಶನಕ್ಕೊಂದೇ ಮನೆ’ ಎಂಬ ನಿಯಮವನ್ನು ಅಮೆರಿಕದ ಕೆಲವು ಕಡೆ ಮರುಪರಿಶೀಲಿಸಲಾಯಿತು. ಒಂದು ನಿವೇಶನದಲ್ಲಿ ಮೂರು ಮನೆಗಳವರೆಗೆ ಅವಕಾಶ ಕೊಡುವ ಯೋಜನೆಯನ್ನು ಮಿನಿಯಾಪೊಲಿಸ್ ನಗರ 2018ರಲ್ಲಿ ಒಪ್ಪಿತು. ದೊಡ್ಡ ಊರುಗಳ ಬಿಡಿಮನೆ ವಲಯಗಳಲ್ಲಿ ಸಾಲುಮನೆಗಳಿಗೂ ಅವಕಾಶವಿರಬೇಕೆಂದು ಆರೆಗಾನ್ ರಾಜ್ಯ 2019ರಲ್ಲಿ ಕಾಯಿದೆ ಮಾಡಿತು. 2021ರಲ್ಲಿ ಕ್ಯಾಲಿಫೋರ್ನಿಯ ಅದೇ ದಾರಿಯಲ್ಲಿ ಹೆಜ್ಜೆಯಿಟ್ಟಿತು.

ಹಾಗೆಂದು ನೆರೆಯವರ ಮಾತಿಗೆ ಬೆಲೆಯೇ ಇಲ್ಲವೆಂದಲ್ಲ. ಚರಂಡಿ, ರಸ್ತೆ, ಶಾಲೆ ಇವುಗಳ ಮೇಲೆ ಹೊಸ ಬಡಾವಣೆಯ ಭಾರ ಎಷ್ಟು ಎಂದು ಕೇಳುವ ಹಕ್ಕು ಅವರಿಗಿದೆ. ಬಹಿರಂಗ ಸಭೆಯಿಲ್ಲದೆ ಮುಚ್ಚಿದ ಕೋಣೆಯಲ್ಲಿ ಅನುಮತಿ ಕೊಡುವ ಪದ್ಧತಿ ಇದಕ್ಕಿಂತ ಖಂಡಿತ ಕೆಟ್ಟದ್ದು. ಆದರೆ 1971ರ ಆ ಮೂರು ಸಭೆಗಳಲ್ಲಿ ಊರಿನವರು ಹೇಳಿದ್ದೆಲ್ಲ ದಾಖಲಾಯಿತು. ಅದೇ ಊರಿನಲ್ಲಿ ದುಡಿದು ಸಂಜೆ 20 ಮೈಲಿ ದೂರದ ಮನೆಗೆ ಮರಳುತ್ತಿದ್ದ ಕಾರ್ಮಿಕನ ಮಾತು ಕಾಗದಕ್ಕೆ ಬರಬೇಕಾದರೆ ಆತ ದಾವೆಯನ್ನೇ ಹೂಡಬೇಕಾಯಿತು.